ನಾನು ಅಳಿಸಿದ ಅರಿಶಿನ

ಸಿಂದಗಿಯ ನಮ್ಮ ಅಂಗಡಿಗೆ ಹೊಸ ಮಾನಿಟರ್ ಬಂದ ವಾರದಲ್ಲೇ ಮುದ್ದೇಬಿಹಾಳದ ಹುಡುಗಿಯ ಮದುವೆ ಕೆಲಸ ಬಂತು. ಮದುವೆ ಆಕೆಯದಲ್ಲ, ಆಕೆ ಕ್ಯಾಮೆರಾದಲ್ಲಿ ತೆಗೆದದ್ದು. ನಾನು ಆಲ್ಬಮ್ ಮಾಡುವಾಕೆ. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಫೋಟೋಗ್ರಾಫರರು ಪೆನ್‌ಡ್ರೈವ್ ತಂದುಕೊಡುತ್ತಾರೆ, ಇಲ್ಲವೇ ಬಸ್ ಕಂಡಕ್ಟರನ ಕೈಯಲ್ಲಿ ಕಳಿಸುತ್ತಾರೆ. ನಾನು ಬಣ್ಣ ಸರಿಮಾಡಿ, ಹಾಳೆ ಜೋಡಿಸಿ, ಪ್ರೆಸ್ಸಿಗೆ ಕಳಿಸುತ್ತೇನೆ. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವಳು, ಇಂಗ್ಲಿಷ್ ಓದಲು ಬರುವುದಿಲ್ಲ. ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಯಾವುದು ಎಲ್ಲಿದೆ ಎಂಬುದು ಅಡುಗೆಮನೆಯ ಡಬ್ಬಿಗಳಂತೆ ಜಾಗದ ಗುರುತಿನ ಮೇಲೆ ಗೊತ್ತು.

ಆ ಹುಡುಗಿ ಪೆನ್‌ಡ್ರೈವ್ ಯಾರ ಕೈಯಲ್ಲೂ ಕೊಡದೆ ತಾನೇ ತಂದಿದ್ದಳು. ಊರು ತಂಗಡಗಿ. ಮುದ್ದೇಬಿಹಾಳದಲ್ಲಿ ಒಂದು ಸಣ್ಣ ಕೋಣೆ ಹಿಡಿದು ಸ್ಟುಡಿಯೋ ಹಾಕಿದ್ದಳು. ಅಲ್ಲಿಯವರೆಗೆ ಬೇರೆಯವರ ಕೈಕೆಳಗೆ ಲೈಟ್ ಹಿಡಿದವಳಿಗೆ ಇದು ತನ್ನ ಹೆಸರಿನಲ್ಲಿ ಹಿಡಿದ ಮೊದಲ ಮದುವೆ. ಮದುಮಗಳನ್ನು ಬಾಗೇವಾಡಿಗೆ ಕೊಟ್ಟಿದ್ದರು. ಫೋಟೋ ಚೆನ್ನಾಗಿ ಬಂದರೆ ತಮ್ಮ ಮಗಳ ಮದುವೆಯನ್ನೂ ನಿನಗೇ ಕೊಡುತ್ತೇವೆ ಎಂದು ಗಂಡಿನ ತಾಯಿ ಹೇಳಿದ್ದರಂತೆ. ಹುಡುಗಿ ಅದನ್ನು ಕೂತ ತಕ್ಷಣ ಹೇಳಿದಳು. ಯಾರಿಗಾದರೂ ಹೇಳಬೇಕಿತ್ತು ಅಂತ ಕಾಣುತ್ತದೆ.

ಫೋಟೋಗಳನ್ನೆಲ್ಲ ನನ್ನ ಕಂಪ್ಯೂಟರಿಗೆ ಹಾಕಿಕೊಂಡ ಮೇಲೆ ಆಕೆ ಕೇಳಿದಳು:

"ಕ್ಯಾಮೆರಾದ ಕಾರ್ಡು ಖಾಲಿ ಮಾಡ್ಲೇನ್ರಿ ಆಯಿ? ನಾಳೆ ಒಂದು ತೊಟ್ಟಿಲ ಕಾರ್ಯ ಐತಿ. ಪೆನ್‌ಡ್ರೈವೂ ಅದಕ್ಕ ಬೇಕು."

"ಖಾಲಿ ಮಾಡು. ನನ್ನ ಕಡೆ ಬಂತಂದ್ರ ತಿಜೋರಿಯೊಳಗ ಇಟ್ಟಂಗ."

ಅರಿಶಿನ ಹಚ್ಚುವ ಕಾರ್ಯದ ಫೋಟೋಗಳನ್ನು ಮೊದಲು ತೆಗೆದೆ. ಪರದೆಯ ತುಂಬ ಹಳದಿ. ಮದುಮಗಳ ಮುಖ, ಕೈ, ಸೀರೆ ಹಳದಿ ಇರುವುದು ಸರಿಯೇ. ಆದರೆ ಸುತ್ತ ಕೂತ ಹೆಂಗಸರ ಹಲ್ಲು ಕೂಡ ಹಳದಿ. ಮೇಲೆ ಕಟ್ಟಿದ ಶಾಮಿಯಾನ ಹಳದಿ.

"ಏನವಾ ಇದು? ಹಳದಿ ಅರಿವಿ ಕೆಳಗ ನಿಂತು ಹೊಡದಿ. ಬಿಳೇದನ್ನ ಬಿಳೇದಾಗಿ ತೋರಸೂ ವೈಟ್ ಬ್ಯಾಲೆನ್ಸ್ ಅನ್ನೂದರ ಕೇಳಿಯಿಲ್ಲೋ?"

"ಇಟ್ಟಿದ್ದೆನ್ರಿ ಆಯಿ. ಶಾಮಿಯಾನ ಬಿಳೇದಿತ್ರಿ."

"ಬಿಳೇದು? ನೋಡಿಲ್ಲಿ, ಬೆಲ್ಲದ ಪಾಕ ಸುರುವಿದಂಗ ಕಾಣತೈತಿ."

"ಸಣ್ಣದು ಮಾಡಿ ಮೊಬೈಲಿಗೆ ಹಾಕ್ಕೊಂಡೇನ್ರಿ, ಅದರಾಗ ಚಂದ ಕಾಣ್ತಾವ್ರಿ. ಬೇಕಾರ ನೋಡ್ರಿ." ಮೊಬೈಲ್ ತೆಗೆದು ನನ್ನ ಮುಂದೆ ಹಿಡಿದಳು.

"ಮೊಬೈಲ್ ಎಲ್ಲಾರನ್ನೂ ಚಂದ ತೋರಸ್ತೈತಿ. ನನ್ನೂ ತೋರಸ್ತೈತಿ."

ಮುಂದಿನ ಟೇಬಲ್ಲಿನಲ್ಲಿ ಪಾಸ್‌ಪೋರ್ಟ್ ಫೋಟೋ ಕತ್ತರಿಸುತ್ತಿದ್ದ ನನ್ನ ಸೊಸೆ ನಕ್ಕಳು. ಹುಡುಗಿ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ನಾನು ಆ ಮೊಬೈಲಿನ ಕಡೆ ಕಣ್ಣು ಹೊರಳಿಸಲಿಲ್ಲ. ಹೊರಳಿಸಿದ್ದರೆ ಮುಂದಿನದು ಯಾವುದೂ ಆಗುತ್ತಿರಲಿಲ್ಲ.

ಆಕೆ ಹೋದ ಮೇಲೆ ಇನ್ನೊಂದು ಮಾಡಿದೆ. ನಮ್ಮ ನಾಲ್ಕೂ ಊರುಗಳ ಫೋಟೋಗ್ರಾಫರರದು ಒಂದು ವಾಟ್ಸಾಪ್ ಗುಂಪು ಇದೆ. ಪರದೆಯ ಮೇಲಿದ್ದ ಮದುಮಗಳ ಫೋಟೋವನ್ನು ನನ್ನ ಮೊಬೈಲಿನಲ್ಲಿ ಹಿಡಿದು ಆ ಗುಂಪಿಗೆ ಹಾಕಿದೆ. ಬರೆಯಲು ನನಗೆ ಹೊತ್ತು ಹಿಡಿಯುತ್ತದೆ, ಹಾಗಾಗಿ ಯಾವಾಗಲೂ ಮಾತಾಡಿಯೇ ಕಳಿಸುವುದು. "ನೋಡ್ರಪಾ, ಹಿಂಗ ಹೊಡೀಬ್ಯಾಡ್ರಿ. ಅರಿಶಿನ ಮದಿಮಗಳಿಗೆ ಹಚ್ಚೂದು, ಕ್ಯಾಮೆರಾಕ್ಕಲ್ಲ," ಅಂದೆ. ಹೆಸರು ಹೇಳಲಿಲ್ಲ. ಹೇಳುವುದು ಬೇಕಿರಲಿಲ್ಲ. ಆ ಮದುವೆಗೆ ಯಾರು ಹೋಗಿದ್ದರು ಎಂದು ಎಲ್ಲರಿಗೂ ಗೊತ್ತಿತ್ತು, ಗುಂಪಿನಲ್ಲಿ ಇದ್ದ ಹುಡುಗಿಯೂ ಆಕೆ ಒಬ್ಬಳೇ. ನಗುವ ಮುಖಗಳು ಸಾಲಾಗಿ ಬಂದು ಬಿದ್ದವು. ಇಂಡಿಯ ಹಿರಿಯ ಫೋಟೋಗ್ರಾಫರ್, ನನ್ನ ಯಜಮಾನರ ಗೆಳೆಯ, ನನ್ನನ್ನು ಅತ್ತಿಗೆ ಎಂದೇ ಕಾಣುವವ, "ವೈನಿ, ಬರೋಬರಿ ಹೇಳಿದ್ರಿ" ಎಂದು ಹಾಕಿದ. ನನಗೆ ಹಿಗ್ಗಾಯಿತು.

ಆಮೇಲೆ ಕೆಲಸಕ್ಕೆ ಕೂತೆ. ನೀಲಿ ಏರಿಸಿದರೆ ಹಳದಿ ಇಳಿಯುತ್ತದೆ. ಒಂದು ಫೋಟೋದಲ್ಲಿ ನೀಲಿಯ ಗೆರೆಯನ್ನು ಶಾಮಿಯಾನ ಬೆಳ್ಳಗೆ ಕಾಣುವವರೆಗೆ ಎತ್ತಿದೆ, ಸ್ವಲ್ಪ ಬೆಳಕು ಕೊಟ್ಟೆ. ಅದೇ ಹೆಜ್ಜೆಗಳನ್ನು ಸಾಫ್ಟ್‌ವೇರಿಗೆ ಕಲಿಸಿ ಇಡೀ ಫೋಲ್ಡರಿನ ಮೇಲೆ ಓಡಿಸಿದೆ. ಮರುದಿನದ ಅಕ್ಷತೆಯ ಫೋಟೋಗಳೂ ಹಳದಿಯೇ ಇದ್ದವು. ಒಂದು ದಿನ ಕೆಟ್ಟ ಕೈ ಎರಡನೇ ದಿನವೂ ಕೆಟ್ಟಿದೆ ಎಂದುಕೊಂಡು ಅವುಗಳ ಮೇಲೂ ಓಡಿಸಿದೆ. ಬೇರೆ ಹೆಸರಿನಲ್ಲಿ ಉಳಿಸದೆ ಮೂಲದ ಮೇಲೆಯೇ ಉಳಿಸಿದೆ. ಕಂಪ್ಯೂಟರಿನಲ್ಲಿ ಜಾಗ ತಿನ್ನಬಾರದು ಎಂದು ನಾನು ಬಹಳ ದಿನದಿಂದ ಹಾಗೇ ಮಾಡುತ್ತ ಬಂದವಳು.

ಪ್ರೆಸ್ಸಿನಿಂದ ಆಲ್ಬಮ್ ಬಂತು. ಡಬ್ಬಿ ಬಿಚ್ಚಿ ನೋಡಿದರೆ ಮದುಮಗಳ ಮುಖ ಬೂದು ಬಣ್ಣಕ್ಕಿತ್ತು. ಕೆನ್ನೆಯ ಮೇಲಿನ ಅರಿಶಿನ ಒಣಗಿದ ಸುಣ್ಣದ ಹಾಗೆ. ಹಸಿರು ಬಳೆಗಳು ನೀಲಿಗೆ ತಿರುಗಿದ್ದವು. ಪ್ರೆಸ್ಸಿಗೆ ಫೋನ್ ಹಚ್ಚಿ ಜಗಳಾಡಿದೆ. "ನೀವು ಕಳಿಸಿದ್ದೇ ಹಂಗ ಐತ್ರಿ ಅಮ್ಮಾರ," ಎಂದರು. ನಾನು ನಂಬಲಿಲ್ಲ. ನನ್ನ ಪರದೆಯಲ್ಲಿ ಅದೇ ಫೋಟೋ ಹಾಲಿನಂತೆ ಸರಿ ಇತ್ತು. ಹುಡುಗಿ ಆಲ್ಬಮ್ ಒಯ್ಯಲು ಬಂದು ಹಾಳೆಗಳನ್ನು ಒಂದೊಂದಾಗಿ ತಿರುವಿದಳು. ನಾನೇ ಮೊದಲು ಬಾಯಿ ಹಾಕಿದೆ: "ಮೂಲದಾಗ ಕೆಟ್ಟದ್ದನ್ನ ಇಷ್ಟರ ಮಾಡಿಕೊಟ್ಟೇನಿ." ಆಕೆ ಆಲ್ಬಮ್ ಮುಚ್ಚಿ ಎದೆಗೆ ಒತ್ತಿಕೊಂಡು ಬಸ್ಸಿಗೆ ಹೋದಳು.

ಆಲ್ಬಮ್ ಮುಟ್ಟಿಸಿ ಬಾಗೇವಾಡಿಯಿಂದ ಆಕೆ ಫೋನ್ ಮಾಡಿದಳು. ಗಂಡಿನ ತಾಯಿ ಆಲ್ಬಮ್ ನೋಡಿ, ನಮ್ಮ ಸೊಸಿ ಮಾರಿಗೆ ಅರಿಶಿನ ಹಚ್ಯಾರೋ ಒಲಿ ಬೂದಿ ಬಳದಾರೋ ಎಂದರಂತೆ. ಹೊಸದಾಗಿ ಮನೆ ತುಂಬಿದವಳನ್ನು ಹೀಗೆ ತೋರಿಸುವುದೇ ಎಂದು ಆಲ್ಬಮ್ಮನ್ನು ಕಪಾಟಿನ ಮೇಲೆ ಎಸೆದರಂತೆ. ಮಗಳ ಮದುವೆಗೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದರಂತೆ.

"ನಾ ಏನ್ ಮಾಡ್ಲವಾ? ಕಲಕೊಂಡು ಕೆಲಸಕ್ಕ ಇಳೀಬೇಕು," ಅಂದೆ.

ಆಕೆ ಫೋನ್ ಇಟ್ಟಳು.

ಅದರ ಮುಂದಿನ ಕೆಲಸ ಇಂಡಿಯಿಂದ ಬಂತು, ಅದೇ ಹಿರಿಯ ಫೋಟೋಗ್ರಾಫರನದು. ಸಾಲಿ ಮಾಸ್ತರರೊಬ್ಬರ ನಿವೃತ್ತಿಯ ಸಮಾರಂಭ. ತೆರೆದು ನೋಡಿದರೆ ಮಾಸ್ತರರ ಗಾಂಧಿ ಟೊಪ್ಪಿಗೆ ಹಳದಿ, ಧೋತರ ಹಳದಿ, ಮಲ್ಲಿಗೆ ಹಾರ ಸೇವಂತಿಗೆಯ ಹಾರದಂತೆ. ನಾನು ಕುರ್ಚಿಯಿಂದ ಎದ್ದುಬಿಟ್ಟೆ.

"ಮಷಿನ್ ಕೆಟ್ಟೈತಿ ಬೇ, ಏನೋ ಆಗೇತಿ ಇದಕ್ಕ," ಎಂದು ಸೊಸೆಗೆ ಹೇಳಿದೆ.

ಆಕೆ ಕತ್ತರಿ ಕೆಳಗಿಟ್ಟು ಬಂದು ನೋಡಿದಳು. ಪರದೆ ನೋಡಿದಳು, ನನ್ನನ್ನು ನೋಡಿದಳು.

"ಇಂಡಿ ಕಾಕಾರದು ಹಳದಿ ಆದ್ರ ಮಷಿನ್ ಕೆಟ್ಟೈತಿ. ಆ ಹುಡುಗೀದು ಹಳದಿ ಆದ್ರ ಹುಡುಗಿ ಕೆಟ್ಟಾಳ. ಹೌದಿಲ್ರಿ ಅತ್ತಿ?"

ನಾನು ಆಕೆಗೆ ನಿನ್ನ ಕೆಲಸ ನೋಡು ಹೋಗು ಎಂದೆ. ಆಕೆ ಹೋಗಿ ಕತ್ತರಿ ಹಿಡಿದಳು. ಆದರೆ ಆ ಮಾತು ಟೇಬಲ್ಲಿನ ಮೇಲೆಯೇ ಉಳಿಯಿತು. ಮುಂದೆ ನಾನು ಮಾಡಿದ ಪ್ರತಿಯೊಂದು ಪರೀಕ್ಷೆಯನ್ನೂ ಅದರ ಎದುರಿಗೆ ಕೂತೇ ಮಾಡಿದೆ. ಇವುಗಳಲ್ಲಿ ಒಂದನ್ನೂ ಆ ಹುಡುಗಿಯ ಫೋಟೋಕ್ಕೆ ನಾನು ಮಾಡಿರಲಿಲ್ಲ.

ಮೊದಲು ಪೆನ್‌ಡ್ರೈವ್ ಮೇಲೆ ಅನುಮಾನ. ಫೋಟೋಗಳನ್ನು ಮತ್ತೊಮ್ಮೆ ಹಾಕಿಕೊಂಡೆ. ಹಾಗೇ ಹಳದಿ. ಅದೇ ಫೋಟೋವನ್ನು ಸೊಸೆಯ ಹಳೆಯ ಕಂಪ್ಯೂಟರಿನಲ್ಲಿ ತೆರೆದೆ. ಟೊಪ್ಪಿಗೆ ಬಿಳುಪು. ಅಂದರೆ ಫೋಟೋ ಕೆಟ್ಟಿಲ್ಲ. ನನ್ನ ಕಂಪ್ಯೂಟರಿನಲ್ಲೇ, ಮಕ್ಕಳು ಚಿತ್ರ ಬಿಡಿಸುವ ಸಾದಾ ಪ್ರೋಗ್ರಾಮಿನಲ್ಲಿ ತೆರೆದೆ. ಅಲ್ಲೂ ಬಿಳುಪು. ಅಂದರೆ ಮಾನಿಟರಿನ ಗಾಜು ಕೆಟ್ಟಿಲ್ಲ, ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಮಾತ್ರ ಹಳದಿ. ಸಾಫ್ಟ್‌ವೇರಿನ ಸೆಟ್ಟಿಂಗನ್ನೆಲ್ಲ ಅಳಿಸಿ ಮೊದಲಿನಂತೆ ಮಾಡಿದೆ. ಪ್ರಿಂಟಿನಲ್ಲಿ ಹೇಗೆ ಬರುತ್ತದೆ ಎಂದು ತೋರಿಸುವ ಒಂದು ಗುಂಡಿ ಇದೆ, ಅದು ತಪ್ಪಿ ಒತ್ತಿದೆಯೇನೋ ಎಂದು ನೋಡಿದೆ. ಒತ್ತಿರಲಿಲ್ಲ.

ಕೊನೆಗೆ ಏನೂ ಇಲ್ಲದ ಖಾಲಿ ಬಿಳಿ ಹಾಳೆ ತೆರೆದೆ. ಅದು ಕೂಡ ತುಪ್ಪದ ಬಣ್ಣಕ್ಕಿತ್ತು. ಅದರ ಮೇಲೆ ಮೌಸಿನ ಬಾಣ ಇಟ್ಟು ಬಣ್ಣದ ಅಂಕಿ ನೋಡಿದೆ. ಕೆಂಪು, ಹಸಿರು, ನೀಲಿ ಮೂರೂ ಇನ್ನೂರ ಐವತ್ತೈದು. ಅದು ಅಪ್ಪಟ ಬಿಳಿಯ ಅಂಕಿ. ಅಂಕಿ ಬಿಳಿ ಎನ್ನುತ್ತಿದೆ, ಕಣ್ಣಿಗೆ ಹಳದಿ ಕಾಣುತ್ತಿದೆ. ಆ ಅಂಕಿ ಎಲ್ಲ ದಿನವೂ ಪರದೆಯ ಮೂಲೆಯಲ್ಲೇ ಇತ್ತು. ಶಾಮಿಯಾನದ ಮೇಲೆ ಒಮ್ಮೆ ಬಾಣ ಇಟ್ಟಿದ್ದರೆ ಸಾಕಿತ್ತು.

ವಿಜಯಪುರದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನಿಗೆ ಫೋನ್ ಮಾಡಿದೆ. ಅಂಕಿಯ ಮಾತು ಹೇಳಿದ ಕೂಡಲೆ ಕೇಳಿದ:

"ಮಾನಿಟರ್ ಹೊಸಾದು ಹಾಕೀರೇನ್ರಿ ಅಮ್ಮಾರ?"

"ಹೌದು."

"ಹಂಗಾರ ಅದರ ಪ್ರೊಫೈಲ್ ಕೆಟ್ಟೈತ್ರಿ."

ಪ್ರೊಫೈಲ್ ಅಂದರೆ ಏನು ಎಂದು ಕೇಳಿದೆ. ಪ್ರತಿ ಮಾನಿಟರ್ ತನ್ನ ಬಣ್ಣ ಹೀಗೆ ಎಂದು ಕಂಪ್ಯೂಟರಿಗೆ ಒಂದು ಸಣ್ಣ ಫೈಲ್ ಕೊಟ್ಟಿರುತ್ತದೆ. ಸಾದಾ ಪ್ರೋಗ್ರಾಮುಗಳು ಅದರ ಗೊಡವೆಗೆ ಹೋಗುವುದಿಲ್ಲ. ಎಡಿಟಿಂಗ್ ಸಾಫ್ಟ್‌ವೇರ್ ಮಾತ್ರ ಅದನ್ನು ನಂಬಿ ಪ್ರತಿ ಬಣ್ಣವನ್ನೂ ತಿದ್ದಿ ತೋರಿಸುತ್ತದೆ. ಆ ಫೈಲೇ ತಪ್ಪಿದ್ದರೆ ತೋರಿಸುವುದೆಲ್ಲ ತಪ್ಪು. ಅವನು ಒಂದೊಂದೇ ಅಕ್ಷರ ಹೇಳಿದ, ನಾನು ಹುಡುಕಿ ಹುಡುಕಿ ಒತ್ತಿದೆ. ಕಂಪ್ಯೂಟರಿನ ಬಣ್ಣದ ಸೆಟ್ಟಿಂಗಿಗೆ ಹೋಗಿ ಮಾನಿಟರಿನ ಜೊತೆ ಬಂದ ಪ್ರೊಫೈಲ್ ತೆಗೆದುಹಾಕಿ, ಎಲ್ಲರೂ ಬಳಸುವ ಸಾಮಾನ್ಯ ಪ್ರೊಫೈಲ್ ಸೇರಿಸಿ, ಅದನ್ನೇ ಕಾಯಂ ಮಾಡಿದೆ. ಸಾಫ್ಟ್‌ವೇರ್ ಮುಚ್ಚಿ ತೆರೆದೆ. ಖಾಲಿ ಹಾಳೆ ಬೆಳ್ಳಗೆ ಬಂತು.

ಮಾಸ್ತರರ ಟೊಪ್ಪಿಗೆಯನ್ನು ನೋಡಲಿಲ್ಲ. ಹುಡುಗಿಯ ಫೋಲ್ಡರ್ ತೆರೆದೆ. ಮೊದಲ ಫೋಟೋದಲ್ಲಿ ಮದುಮಗಳು ಬಾಗೇವಾಡಿಯವರು ನೋಡಿದ ಹಾಗೆಯೇ ಕೂತಿದ್ದಳು, ಮುಖಕ್ಕೆ ಬೂದಿ ಬಳಿದುಕೊಂಡು. ಪ್ರೆಸ್ಸಿನವರು ಸುಳ್ಳು ಹೇಳಿರಲಿಲ್ಲ. ಹುಡುಗಿಯೂ ಹೇಳಿರಲಿಲ್ಲ. ಮೂಲ ಹುಡುಕಲು ಹೋದೆ, ಮೂಲ ಇರಲಿಲ್ಲ. ಅದರ ಮೇಲೆ ನಾನೇ ಉಳಿಸಿದ್ದೆ. ಆಕೆಯ ಕಾರ್ಡ್ ಖಾಲಿ ಮಾಡಿಸಿದವಳೂ ನಾನೇ.

ಹಾಕಿದ ನೀಲಿಯನ್ನು ಅಷ್ಟೇ ಇಳಿಸಿದರೆ ಬಣ್ಣ ವಾಪಸ್ ಬರುತ್ತದೆಯೇ ಎಂದು ನೋಡಿದೆ. ಶಾಮಿಯಾನ ಸುಮಾರಾಗಿ ಬಂತು, ಮುಖ ಬರಲಿಲ್ಲ. ಒಮ್ಮೆ ಅಳಿಸಿಹೋದ ಬಣ್ಣ ಫೈಲಿನಲ್ಲಿ ಇರುವುದಿಲ್ಲ. ಹುಡುಗಿಯ ಮೊಬೈಲಿನಲ್ಲಿ ಫೋಟೋಗಳಿದ್ದವಲ್ಲ ಎಂದು ಆಕೆಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ, ಎತ್ತಲಿಲ್ಲ. ಮದುಮಗಳಿಗೂ ಆಕೆ ಅವನ್ನು ವಾಟ್ಸಾಪಿನಲ್ಲಿ ಕಳಿಸಿರಬೇಕು, ಯಾವ ಮದುಮಗಳು ಆಲ್ಬಮ್ ಬರುವವರೆಗೆ ಕಾಯುತ್ತಾಳೆ ಎಂದುಕೊಂಡು ಬಾಗೇವಾಡಿ ಬಸ್ಸು ಹತ್ತಿದೆ.

ಬಸ್ಸಿನಲ್ಲಿ ಒಂದು ಮಾತು ತಯಾರು ಮಾಡಿಕೊಂಡೆ: ಮಷಿನಿನಲ್ಲಿ ಸ್ವಲ್ಪ ತೊಂದರೆಯಾಗಿದೆ, ಮೊಬೈಲಿನ ಫೋಟೋ ಕೊಟ್ಟರೆ ಆಲ್ಬಮ್ ಬದಲಿಸಿ ಕೊಡುತ್ತೇನೆ. ಅಷ್ಟೇ. ಯಾರ ತಪ್ಪು ಎಂಬ ಮಾತು ಅದರಲ್ಲಿ ಇರಲಿಲ್ಲ. ನಾಚಿಕೆ ಬಂದಾಗ ಮನುಷ್ಯ ಮೊದಲು ಮಾತು ಸಣ್ಣದು ಮಾಡುತ್ತಾನೆ.

ಗಂಡಿನ ತಾಯಿ ಪಡಸಾಲೆಯಲ್ಲಿ ಕೂತು ಸೇಂಗಾ ಸುಲಿಯುತ್ತಿದ್ದರು. ನನ್ನ ಮಾತು ಕೇಳಿ, ಸೊಸೆಯನ್ನು ಕರೆದು ಮೊಬೈಲ್ ತಾ ಎಂದರು. ಆಮೇಲೆ ನನ್ನ ಕಡೆ ತಿರುಗಿ:

"ಆ ಹುಡುಗಿಗೆ ಕ್ಯಾಮೆರಾ ಹಿಡಿಯಾಕ ಬರೂದಿಲ್ಲಂತ ನೀವ ಹೇಳೀರಂತಲ್ರಿ ಅಕ್ಕಾರ. ನಮ್ಮೂರ ಫೋಟೋದವ ಹೇಳಿದ. ನೀವು ಹೇಳಿದ ಮ್ಯಾಲ ನಾವು ಆಕೀನ್ನ ಬ್ಯಾಡಂದ್ವಿ."

ಇಲ್ಲಿಯವರೆಗೆ ಆಲ್ಬಮ್ ನೋಡಿ ಆಕೆಯನ್ನು ಬಿಟ್ಟರು ಎಂದುಕೊಂಡಿದ್ದೆ. ನನ್ನ ಮಾತು ಕೇಳಿ ಬಿಟ್ಟಿದ್ದರು. ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಮದುಮಗಳು ಮೊಬೈಲ್ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಹೇಳಿದ್ದು ಖರೇ," ಅಂದೆ. "ಆದ್ರ ಆಕೀದು ತಪ್ಪಿಲ್ಲ. ಫೋಟೋ ಚಂದ ಇದ್ವು. ನನ್ನ ಮಾನಿಟರ್ ಹಳದಿ ತೋರಸ್ತು. ಆಕಿ ಸರಿ ಅದಾವಂದ್ರೂ ಕೇಳಲಿಲ್ಲ, ಇದ್ದ ಅರಿಶಿನಾನ ನಾ ಅಳಿಸಿದೆ. ಮೂಲಾನೂ ಉಳಿಸಲಿಲ್ಲ."

ಸೇಂಗಾ ಸುಲಿಯುವ ಕೈ ನಿಂತಿತು.

"ಹಂಗಾರ ನಾವು ಆ ಹುಡುಗಿಗೆ ಅಂದದ್ದು?"

"ನನಗ ಅನಬೇಕಾಗಿತ್ತು."

"ಈಗ ಹೇಳ್ತೀರಿ. ಬ್ಯಾರೇದವ್ರಿಗೆ ಮಾತು ಕೊಟ್ಟಾತು, ನಾಡಿದ್ದ ಮದುವಿ." ಸುಲಿದ ಸೇಂಗಾ ಪಕ್ಕಕ್ಕೆ ಸರಿಸಿದರು. "ಇಷ್ಟು ವಯಸ್ಸಾಗಿ, ಆ ಕೂಸಿನ ಮ್ಯಾಲ ಹಾಕಾಕ ಮನಸ್ಸರ ಹೆಂಗ ಬಂತ್ರಿ?"

ಚಹಾ ಕೊಟ್ಟರು, ಕುಡಿದೆ. ಮದುಮಗಳು ಫೋಟೋಗಳನ್ನು ನನ್ನ ಮೊಬೈಲಿಗೆ ಕಳಿಸುತ್ತ, "ಇದು ನೋಡ್ರಿ, ನಮ್ಮ ಅವ್ವ ನನ್ನ ಗಲ್ಲಕ್ಕ ಅರಿಶಿನ ಹಚ್ಚಿ ನಕ್ಕಿದ್ದು. ಇದೊಂದು ನನಗ ಬೇಕ ಬೇಕು," ಎಂದಳು. ಅಂಗೈ ಅಗಲದ ಪರದೆಯಲ್ಲಿ ಶಾಮಿಯಾನ ಬೆಳ್ಳಗಿತ್ತು, ಅರಿಶಿನ ಅರಿಶಿನದ ಬಣ್ಣಕ್ಕಿತ್ತು. ಹುಡುಗಿ ಅಂದು ನನ್ನ ಮುಂದೆ ಹಿಡಿದದ್ದು ಇದೇ.

ವಾಟ್ಸಾಪಿನಲ್ಲಿ ಬಂದ ಫೋಟೋ ಸಣ್ಣದಾಗಿರುತ್ತದೆ, ಆಲ್ಬಮ್ಮಿನ ಹಾಳೆಗೆ ಹಿಗ್ಗಿಸಿದರೆ ಕಣ್ಣು ಮೂಗು ಕಲಸಿಹೋಗುತ್ತವೆ. ನನ್ನ ಹತ್ತಿರ ದೊಡ್ಡ ಫೋಟೋ ಇದೆ, ಅದರಲ್ಲಿ ಗೆರೆಗಳೆಲ್ಲ ಚೊಕ್ಕ, ಬಣ್ಣ ಇಲ್ಲ. ಸಣ್ಣದರಲ್ಲಿ ಬಣ್ಣ ಇದೆ, ಗೆರೆ ಇಲ್ಲ. ಕಪ್ಪು-ಬಿಳುಪಿನ ಕಾಲದಲ್ಲಿ ನಮ್ಮ ಯಜಮಾನರು ತೊಳೆದ ಫೋಟೋಗಳಿಗೆ ನಾನು ಹತ್ತಿ ಸುತ್ತಿದ ಕಡ್ಡಿಯಿಂದ ಬಣ್ಣ ಹಚ್ಚುತ್ತಿದ್ದೆ. ಕೆಳಗಿನ ನೆರಳು ಹಾಗೇ ಇರುತ್ತಿತ್ತು, ಮೇಲೆ ತೆಳ್ಳಗೆ ಬಣ್ಣ. ಇದೂ ಅದೇ ಕೆಲಸ. ಸಣ್ಣ ಫೋಟೋವನ್ನು ದೊಡ್ಡದರ ಅಳತೆಗೆ ಹಿಗ್ಗಿಸಿ ಅದರ ಮೇಲೆ ಪದರವಾಗಿ ಇಟ್ಟೆ. ಮೇಲಿನ ಪದರದಿಂದ ಬಣ್ಣವನ್ನು ಮಾತ್ರ ತೆಗೆದುಕೊಳ್ಳುವ ಆಯ್ಕೆ ಸಾಫ್ಟ್‌ವೇರಿನಲ್ಲಿದೆ, ಅದನ್ನು ಒತ್ತಿದೆ. ಮದುಮಗಳ ಮುಖಕ್ಕೆ ರಕ್ತ ಬಂತು.

ಆದರೆ ಕೆನ್ನೆಯ ಮೇಲೆ ದಪ್ಪಗೆ ಅರಿಶಿನ ಹಚ್ಚಿದ ಕಡೆ ಬಿಳಿ ಕಲೆಗಳು ಹಾಗೇ ಉಳಿದವು. ನಾನು ಮೊದಲು ಬೆಳಕು ಕೊಟ್ಟಾಗ ಅಲ್ಲಿ ಪೂರಾ ಬಿಳಿಯಾಗಿತ್ತು. ಪೂರಾ ಬಿಳಿಯ ಮೇಲೆ ಈ ಬಣ್ಣ ಕೂರುವುದಿಲ್ಲ. ಕೆಳಗಿನ ಫೋಟೋದ ಬೆಳಕನ್ನು ಅಲ್ಲಷ್ಟೇ ತುಸು ಕಂದಿಸಿ ಮತ್ತೆ ಹಚ್ಚಿದೆ, ಆಗ ಹಿಡಿಯಿತು. ಝುಮಕಿಯ ಅಂಚಿನಲ್ಲಿ ಹಳದಿ ಸೋರಿದ್ದನ್ನು ಸಣ್ಣ ಕುಂಚದಿಂದ ಅಳಿಸಿದೆ. ಇಡೀ ಫೋಲ್ಡರಿನ ಮೇಲೆ ಓಡಿಸುವ ಕೆಲಸ ಇದಲ್ಲ. ಒಂದೊಂದನ್ನೂ ಕೈಯಿಂದಲೇ ಮಾಡಬೇಕು. ಕೆಡಿಸುವಾಗ ಅಷ್ಟನ್ನೂ ಒಂದೇ ಗುಂಡಿಯಲ್ಲಿ ಕೆಡಿಸಿದ್ದೆ.

ತಾಯಿ ಅರಿಶಿನ ಹಚ್ಚಿ ನಗುವ ಫೋಟೋವನ್ನೂ ಇನ್ನು ಕೆಲವನ್ನೂ ಪ್ರಿಂಟ್ ತೆಗೆದುಕೊಂಡು ಮುದ್ದೇಬಿಹಾಳಕ್ಕೆ ಹೋದೆ. ಹುಡುಗಿ ಒಬ್ಬ ಮುದುಕನ ಫೋಟೋ ತೆಗೆಯುತ್ತಿದ್ದಳು. ನನ್ನನ್ನು ನೋಡಿ ಕೂಡ್ರಿ ಎನ್ನಲಿಲ್ಲ. ಮುದುಕನ ಗದ್ದ ಎತ್ತಿಸಿ, ಅಂಗಿಯ ಗುಂಡಿ ಹಾಕಿಸಿ, ಸಾವಕಾಶ ಕೆಲಸ ಮುಗಿಸಿದಳು. ನಾನು ಬಾಗಿಲ ಹತ್ತಿರ ನಿಂತೇ ಇದ್ದೆ. ಆಮೇಲೆ ಆದದ್ದನ್ನೆಲ್ಲ ಹೇಳಿ ಪ್ರಿಂಟುಗಳನ್ನು ಕೈಗೆ ಕೊಟ್ಟೆ.

ಬೆಳಕಿಗೆ ಹಿಡಿದು ನೋಡಿದಳು. "ಹೂಂ. ಇದು ನಾ ಹೊಡದ ಬಣ್ಣ."

"ತಪ್ಪಾತವಾ."

"ಆಯಿ, ಒಂದು ಕೇಳ್ಲೇನ್ರಿ? ಇಂಡಿ ಕಾಕಾರ ಫೋಟೋ ಹಳದಿ ಬರದಿದ್ರ?"

ಬಸ್ಸಿನಲ್ಲಿ ಬರುವಾಗ ಈ ಪ್ರಶ್ನೆಗೆ ಹೆದರಿದ್ದೆ. "ಬರದಿದ್ರ ನಿನ್ನ ಮ್ಯಾಲೇ ಇರ್ತಿತ್ತು," ಅಂದೆ.

ಆಕೆ ತಲೆ ಆಡಿಸಿದಳು, ಇದು ಮೊದಲೇ ಗೊತ್ತು ಎನ್ನುವ ಹಾಗೆ. "ನೀವು ನಾಲ್ಕೂರ ಮಂದಿ ಮುಂದ ನಕ್ಕೀರಿ. ಈಗ ನನ್ನ ಒಬ್ಬಾಕಿ ಮುಂದ ಬಂದು ತಪ್ಪಾತಂದ್ರ ಅವರಿಗೆ ಹೆಂಗ್ ಗೊತ್ತಾಗಬೇಕ್ರಿ? ಕಾರ್ಯ ಹಿಡದ ಮಂದಿ ಅವರನ್ನ ಕೇಳ್ತಾರ, ನನ್ನಲ್ಲ."

ವಾಪಸ್ ಬಂದು ಅಂಗಡಿಯಲ್ಲಿ ಕೂತು ಗುಂಪಿಗೆ ಮಾತಾಡಲು ಹೋದೆ. ಮೊದಲನೆಯದರಲ್ಲಿ ಮಾನಿಟರ್ ಸುದ್ದಿಯೇ ಆಯಿತು, ಅಳಿಸಿದೆ. ಎರಡನೆಯದರಲ್ಲಿ ನನ್ನ ವಯಸ್ಸಿನ ಸುದ್ದಿ ಬಂತು, ಅದನ್ನೂ ಅಳಿಸಿದೆ. ಸೊಸೆ ಕೆಲಸ ಮಾಡುತ್ತಿರುವಂತೆ ನಟಿಸುತ್ತ ಕೇಳುತ್ತಿದ್ದಳು. ಕೊನೆಗೆ ಕಳಿಸಿದ್ದು ಇಷ್ಟು:

"ಸಿಂದಗಿ ಆಯಿ ಮಾತಾಡಾಕತ್ತೇನಿ. ಮದಿಮಗಳ ಹಳದಿ ಫೋಟೋ ಹಾಕಿ ನಾ ನಕ್ಕಿದ್ದೆ, ನೀವೂ ನಕ್ಕಿದ್ರಿ. ಆ ಫೋಟೋ ಸರಿ ಇತ್ತು. ಮುದ್ದೇಬಿಹಾಳದ ಹುಡುಗಿ ಹೊಡದದ್ದು ಸರಿ ಇತ್ತು. ಕೆಟ್ಟದ್ದು ನನ್ನ ಮಾನಿಟರ್. ಆಕಿ ಮೊಬೈಲ್ ತೋರಸಾಕ ಬಂದಿದ್ಲು, ನಾ ನೋಡಲಿಲ್ಲ. ಮಾನಿಟರ್ ಕೆಟ್ಟದ್ದು ನನ್ನ ತಪ್ಪಲ್ಲ. ನೋಡದಿದ್ದದ್ದು ನನ್ನ ತಪ್ಪು. ಆಲ್ಬಮ್ ಕೆಡಿಸಿದಾಕಿ ನಾನು."

ಜೊತೆಗೆ ಸರಿಮಾಡಿದ ಫೋಟೋ ಹಾಕಿದೆ. ಈ ಸಲ ನಗುವ ಮುಖ ಬರಲಿಲ್ಲ. ಹುಡುಗಿ ಅದನ್ನು ಕೇಳಿಸಿಕೊಂಡಿದ್ದಾಳೆ ಎಂದು ಮೊಬೈಲ್ ತೋರಿಸಿತು. ಮುಂದಿನ ಕೆಲಸವನ್ನು ಆಕೆ ವಿಜಯಪುರಕ್ಕೆ ಕಳಿಸಿದಳು ಎಂದು ಆಮೇಲೆ ಬಸ್ ಕಂಡಕ್ಟರನಿಂದ ಗೊತ್ತಾಯಿತು. ನನ್ನ ಕಡೆ ಯಾಕೆ ಕಳಿಸಬೇಕು?

ಗುಂಪಿಗೆ ಹಾಕಿದ ದಿನವೇ ಸಂಜೆ ಇಂಡಿಯ ಫೋಟೋಗ್ರಾಫರ್ ಫೋನ್ ಮಾಡಿದ.

"ವೈನಿ, ಗುಂಪಿನ್ಯಾಗ ಹಾಕೂದಿತ್ತೇನ್ರಿ? ಆ ಹುಡುಗಿಗೆ ಒಂದು ಮಾತು ಫೋನಿನ್ಯಾಗ ಹೇಳಿದ್ರ ಸಾಕಿತ್ತು. ನಿಮ್ಮ ಮರ್ಯಾದಿ ನೀವ ಕಳಕೊಂಡ್ರಿ."

"ಆಕೀ ಮರ್ಯಾದಿ ನಾ ಕಳದದ್ದು ಗುಂಪಿನ್ಯಾಗ ಅಲ್ಲೇನು?"

ಅವನು ಕೆಮ್ಮಿ, ಮಾಸ್ತರರ ಮನೆಯವರು ದಿನಾ ಕೇಳುತ್ತಿದ್ದಾರೆ ಎಂದ. "ನಂದು ಯಾವಾಗ ಕೊಡ್ತೀರಿ?"

"ಆಕೀದು ಮುಗಿದ ಮ್ಯಾಲ," ಎಂದು ಫೋನ್ ಇಟ್ಟು, ಮುಂದಿನ ಫೋಟೋ ತೆರೆದೆ.